ವರ್ಕ್‌ಸ್ಟೇಷನ್ ಗ್ರಾಫಿಕ್ಸ್ ಕಾರ್ಡ್: ಹಳೆಯದು ಮತ್ತು ಹೊಸದು

ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಉದ್ದನಪಲ್ಲಿ, ಹೊಸೂರು–ರಾಯಕೋಟೆ ರಸ್ತೆಯಲ್ಲಿರುವ ಊರು. ಕನ್ನಡ, ತೆಲುಗು, ತಮಿಳು ಮೂರೂ ಕೇಳಿಬರುವ ಈ ಗಡಿ ಸೀಮೆ 1970ರ ದಶಕದಿಂದ ಕೈಗಾರಿಕಾ ವಲಯವಾಗಿ ಬೆಳೆದಿದೆ. ಅಶೋಕ್ ಲೇಲ್ಯಾಂಡ್, ಟಿವಿಎಸ್ ಮೋಟಾರ್, ಟೈಟಾನ್ ಕಾರ್ಖಾನೆಗಳು ಹೊಸೂರಿನಲ್ಲಿವೆ. ಬಿಡಿಭಾಗ ಮತ್ತು ಅಚ್ಚುಗಳನ್ನು ತಯಾರಿಸುವ ಸಣ್ಣ ಘಟಕಗಳೂ ಸುತ್ತಮುತ್ತ ಇವೆ. ಲೋಹ ಯಂತ್ರಕ್ಕೆ ಏರುವ ಮೊದಲೇ ಭಾಗದ ಮೂರು ಆಯಾಮದ ಮಾದರಿ ಗಣಕದ ಪರದೆಯ ಮೇಲೆ ಸಿದ್ಧವಾಗುವ ಕಾಲವಿದು. ಆ ಮಾದರಿಯನ್ನು ಪರದೆಗೆ ತರುವ ಯಂತ್ರಾಂಶವೇ ಗ್ರಾಫಿಕ್ಸ್ ಕಾರ್ಡ್. ಹಳೆಯ ಕಾರ್ಡನ್ನೇ ಉಳಿಸಿಕೊಳ್ಳಬೇಕೇ, ಹೊಸದನ್ನು ಕೊಳ್ಳಬೇಕೇ ಎಂಬುದು ಇಂಥ ಘಟಕಗಳಿಗೆ ಹಣದ ಪ್ರಶ್ನೆಯೂ ಹೌದು.

ಕಾರ್ಯವಿಧಾನ

ಗಣಕದ ಕೇಂದ್ರ ಸಂಸ್ಕಾರಕದಲ್ಲಿ ಶಕ್ತಿಶಾಲಿಯಾದ ಕೆಲವೇ ಕೋರ್‌ಗಳಿರುತ್ತವೆ. ಗ್ರಾಫಿಕ್ಸ್ ಸಂಸ್ಕಾರಕ, ಅಂದರೆ ಜಿಪಿಯುವಿನಲ್ಲಿ ಸರಳವಾದ ನೂರಾರು ಅಥವಾ ಸಾವಿರಾರು ಕೋರ್‌ಗಳಿರುತ್ತವೆ. ಮಾದರಿಯ ಮೇಲ್ಮೈಯನ್ನು ತಂತ್ರಾಂಶ ಲಕ್ಷಾಂತರ ಸಣ್ಣ ತ್ರಿಕೋನಗಳಾಗಿ ವಿಭಜಿಸುತ್ತದೆ. ಪ್ರತಿ ತ್ರಿಕೋನದ ಶೃಂಗಗಳು ಪರದೆಯ ಮೇಲೆ ಎಲ್ಲಿ ಬರಬೇಕು, ಪ್ರತಿ ಬಿಂದುವಿನ ಬಣ್ಣ ಯಾವುದು ಎಂಬುದನ್ನು ಜಿಪಿಯು ಲೆಕ್ಕ ಹಾಕುತ್ತದೆ. ಈ ಲೆಕ್ಕಗಳು ಬಹುಮಟ್ಟಿಗೆ ಒಂದನ್ನೊಂದು ಅವಲಂಬಿಸುವುದಿಲ್ಲ. ಆದ್ದರಿಂದ ಅವೆಲ್ಲವೂ ಏಕಕಾಲದಲ್ಲಿ ನಡೆಯಬಲ್ಲವು. ಲೆಕ್ಕಕ್ಕೆ ಬೇಕಾದ ದತ್ತಾಂಶ ಕಾರ್ಡಿನ ಸ್ವಂತ ಮೆಮೊರಿಯಲ್ಲಿರುತ್ತದೆ.

ಸಾಮಾನ್ಯ ಕಾರ್ಡಿಗೂ ವರ್ಕ್‌ಸ್ಟೇಷನ್ ಕಾರ್ಡಿಗೂ ಇರುವ ಭೇದ

ಆಟಗಳಿಗೆಂದು ಮಾರುವ ಕಾರ್ಡ್ ಮತ್ತು ವಿನ್ಯಾಸದಂಥ ವೃತ್ತಿಪರ ಕೆಲಸಕ್ಕೆಂದು ಮಾರುವ ವರ್ಕ್‌ಸ್ಟೇಷನ್ ಕಾರ್ಡ್ ಎರಡರಲ್ಲೂ ಒಂದೇ ಮೂಲದ ಚಿಪ್ ಇರುವುದು ಸಾಮಾನ್ಯ. ಮುಖ್ಯ ವ್ಯತ್ಯಾಸ ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶದಲ್ಲಿದೆ. ಸಾಲಿಡ್‌ವರ್ಕ್ಸ್, ಕ್ಯಾಟಿಯಾದಂಥ ವಿನ್ಯಾಸ ತಂತ್ರಾಂಶಗಳೊಂದಿಗೆ ವರ್ಕ್‌ಸ್ಟೇಷನ್ ಕಾರ್ಡುಗಳನ್ನು ಪರೀಕ್ಷಿಸಿ ಪ್ರಮಾಣೀಕರಿಸಲಾಗುತ್ತದೆ. ಹಲವು ಕಾರ್ಡುಗಳಲ್ಲಿ ಮೆಮೊರಿಯ ದೋಷವನ್ನು ತಾನೇ ಪತ್ತೆಹಚ್ಚಿ ತಿದ್ದುವ ಇಸಿಸಿ ವ್ಯವಸ್ಥೆಯೂ ಇರುತ್ತದೆ. ಬೆಲೆ ಹೆಚ್ಚಾಗಿರುವುದಕ್ಕೆ ಇವೂ ಕಾರಣ.

ಬೆಳೆದು ಬಂದ ಬಗೆ

1990ರ ದಶಕದಲ್ಲಿ ಮೂರು ಆಯಾಮದ ವಿನ್ಯಾಸದ ಕೆಲಸಕ್ಕೆ ಸಿಲಿಕಾನ್ ಗ್ರಾಫಿಕ್ಸ್ ಸಂಸ್ಥೆಯ ದುಬಾರಿ ಯಂತ್ರಗಳು ಹೆಸರಾಗಿದ್ದವು. ಆ ಸಂಸ್ಥೆ 1992ರಲ್ಲಿ ರೂಪಿಸಿದ ಓಪನ್‌ಜಿಎಲ್ ಎಂಬ ಮಾನಕ ಇಂದಿಗೂ ವಿನ್ಯಾಸ ತಂತ್ರಾಂಶಗಳಲ್ಲಿ ಬಳಕೆಯಲ್ಲಿದೆ. ಸಾಮಾನ್ಯ ಗಣಕಕ್ಕೆ ಜೋಡಿಸಬಹುದಾದ ಕಾರ್ಡುಗಳು ಬಂದ ಮೇಲೆ ಆ ಯಂತ್ರಗಳ ಕಾಲ ಮುಗಿಯಿತು. ಎನ್‌ವಿಡಿಯಾ ಸಂಸ್ಥೆಯ ಮೊದಲ ಕ್ವಾಡ್ರೊ ವರ್ಕ್‌ಸ್ಟೇಷನ್ ಕಾರ್ಡ್, ಜಿಫೋರ್ಸ್ 256 ಚಿಪ್‌ನ ಆಧಾರದ ಮೇಲೆ ರೂಪುಗೊಂಡಿತು. ಎಎಂಡಿ ಸಂಸ್ಥೆ 2006ರಲ್ಲಿ ಎಟಿಐ ಎಂಬ ಗ್ರಾಫಿಕ್ಸ್ ಸಂಸ್ಥೆಯನ್ನು ಕೊಂಡು ಫೈರ್‌ಪ್ರೊ, ಅನಂತರ ರೇಡಿಯಾನ್ ಪ್ರೊ ಹೆಸರಿನಲ್ಲಿ ಕಾರ್ಡುಗಳನ್ನು ತಂದಿತು. 2020ರಿಂದೀಚೆಗೆ ಬಂದ ಎನ್‌ವಿಡಿಯಾ ವರ್ಕ್‌ಸ್ಟೇಷನ್ ಕಾರ್ಡುಗಳಲ್ಲಿ ಕ್ವಾಡ್ರೊ ಎಂಬ ಹೆಸರಿಲ್ಲ.

ಒಂದೇ ದರ್ಜೆಯ ಎರಡು ಕಾರ್ಡುಗಳು

ಹೋಲಿಕೆ ನ್ಯಾಯಯುತವಾಗಬೇಕಾದರೆ ಎರಡೂ ಕಾರ್ಡುಗಳು ಒಂದೇ ದರ್ಜೆಯವಾಗಿರಬೇಕು. ಎನ್‌ವಿಡಿಯಾದ 2010ರ ಕ್ವಾಡ್ರೊ 4000 ಮತ್ತು 2021ರ ಆರ್‌ಟಿಎಕ್ಸ್ ಎ4000 ಅಂಥ ಜೋಡಿ. ಎರಡೂ ಮಧ್ಯಮ ದರ್ಜೆಯವು. ಎರಡೂ ಒಂದೇ ಸ್ಲಾಟಿನಷ್ಟು ದಪ್ಪ.

- ಕೋರ್‌ಗಳು: ಹಳೆಯದರಲ್ಲಿ 256, ಹೊಸದರಲ್ಲಿ 6,144
- ಮೆಮೊರಿ: 2 ಜಿಬಿ, 16 ಜಿಬಿ
- ಮೆಮೊರಿಯ ವೇಗ: ಸೆಕೆಂಡಿಗೆ 89.6 ಜಿಬಿ, 448 ಜಿಬಿ
- ಏಕ ನಿಖರತೆಯ ಗಣನೆ (ಚಿತ್ರ ಮೂಡಿಸಲು ಸಾಕಾಗುವಷ್ಟು ಅಂಕಿಗಳ ಲೆಕ್ಕ): ಸೆಕೆಂಡಿಗೆ ಸುಮಾರು 0.49 ಲಕ್ಷ ಕೋಟಿ, 19.2 ಲಕ್ಷ ಕೋಟಿ ಲೆಕ್ಕಗಳು
- ಗರಿಷ್ಠ ವಿದ್ಯುತ್: 142 ವ್ಯಾಟ್, 140 ವ್ಯಾಟ್

ಹನ್ನೊಂದು ವರ್ಷಗಳಲ್ಲಿ ವಿದ್ಯುತ್ ಬಳಕೆ ಏರಲಿಲ್ಲ. ಗಣನೆಯ ವೇಗ ಮಾತ್ರ ಸುಮಾರು 39 ಪಟ್ಟಾಯಿತು. ಟ್ರಾನ್ಸಿಸ್ಟರುಗಳು ಕಿರಿದಾದದ್ದೇ ಇದರ ಮುಖ್ಯ ಕಾರಣ. ಹಳೆಯ ಚಿಪ್ 40 ನ್ಯಾನೋಮೀಟರ್ ತಂತ್ರಜ್ಞಾನದ್ದು, ಹೊಸದು 8 ನ್ಯಾನೋಮೀಟರ್‌ನದು. ಬೆಳಕಿನ ಕಿರಣಗಳ ಜಾಡು ಹಿಡಿದು ನೆರಳು, ಪ್ರತಿಫಲನಗಳನ್ನು ನಿಜದಂತೆ ಮೂಡಿಸುವ ಪ್ರತ್ಯೇಕ ಘಟಕಗಳು ಎನ್‌ವಿಡಿಯಾದಲ್ಲಿ ಮೊದಲು ಬಂದದ್ದು 2018ರ ಟ್ಯೂರಿಂಗ್ ಪೀಳಿಗೆಯಲ್ಲಿ. ಎ4000ದಲ್ಲಿ ಅವು ಇವೆ. ಕ್ವಾಡ್ರೊ 4000ದಲ್ಲಿ ಇಲ್ಲ. ಹಳೆಯ ಕಾರ್ಡ್ ಏಕಕಾಲಕ್ಕೆ ಎರಡು ಪರದೆಗಳನ್ನು ನಡೆಸಿದರೆ ಹೊಸದು ನಾಲ್ಕನ್ನು ನಡೆಸುತ್ತದೆ.

ಒಂದೇ ಅಂಕಿಯನ್ನು ನಂಬಬಾರದು

39 ಪಟ್ಟು ಎಂಬುದು ಎಲ್ಲ ಕೆಲಸಕ್ಕೂ ಅನ್ವಯಿಸುವುದಿಲ್ಲ. ಮೆಮೊರಿಯ ವೇಗ ಹೆಚ್ಚಿರುವುದು 5 ಪಟ್ಟು ಮಾತ್ರ. ದತ್ತಾಂಶದ ಸಾಗಣೆಯನ್ನೇ ಅವಲಂಬಿಸಿದ ಕೆಲಸದಲ್ಲಿ ಲಾಭವೂ ಅಷ್ಟಕ್ಕೆ ಸೀಮಿತ. ಲೋಹದ ಭಾಗದ ಒತ್ತಡ, ಉಷ್ಣ ಮೊದಲಾದವುಗಳ ವಿಶ್ಲೇಷಣೆಗೆ ಹೆಚ್ಚು ಅಂಕಿಗಳವರೆಗೆ ಸರಿಯಾಗಿರುವ ದ್ವಿ ನಿಖರತೆಯ ಗಣನೆ ಬೇಕಾಗುತ್ತದೆ. ಅದರಲ್ಲಿ ಕ್ವಾಡ್ರೊ 4000ದ ವೇಗ ಸೆಕೆಂಡಿಗೆ ಸುಮಾರು 24,000 ಕೋಟಿ ಲೆಕ್ಕಗಳಾದರೆ, ಎ4000ದ ವೇಗ ಸುಮಾರು 30,000 ಕೋಟಿ. ಹಳೆಯ ಚಿಪ್‌ನಲ್ಲಿ ಈ ಗಣನೆಗೆ ದೊಡ್ಡ ಪಾಲು ಮೀಸಲಾಗಿತ್ತು. ಹೊಸದರಲ್ಲಿ ಆ ಪಾಲನ್ನು ಬಹಳ ಕಿರಿದಾಗಿಸಲಾಗಿದೆ. ಮಾದರಿಯಲ್ಲಿ ಒಂದು ರಂಧ್ರದ ಅಳತೆಯನ್ನು ಬದಲಿಸಿದಾಗ ಇಡೀ ಆಕಾರವನ್ನು ಮರುರಚಿಸುವ ಕೆಲಸ ಹೆಚ್ಚಾಗಿ ಕೇಂದ್ರ ಸಂಸ್ಕಾರಕದ್ದು. ಅಲ್ಲಿ ಕಾರ್ಡ್ ಬದಲಿಸುವುದರಿಂದ ಹೆಚ್ಚೇನೂ ಸಿಗದು.

ಡ್ರೈವರ್‌ನ ಆಯುಷ್ಯ

ಯಂತ್ರಾಂಶ ಸುಸ್ಥಿತಿಯಲ್ಲಿದ್ದರೂ ತಂತ್ರಾಂಶದ ಬೆಂಬಲ ನಿಂತರೆ ಕಾರ್ಡಿನ ಉಪಯೋಗ ಕುಗ್ಗುತ್ತದೆ. ಕ್ವಾಡ್ರೊ 4000 ಫರ್ಮಿ ಪೀಳಿಗೆಯದು. ಜಿಪಿಯುವಿನಲ್ಲಿ ಗಣನೆ ನಡೆಸಲು ಎನ್‌ವಿಡಿಯಾ ಒದಗಿಸುವ ಕ್ಯೂಡಾ ತಂತ್ರಾಂಶದ, 2017ರಲ್ಲಿ ಬಂದ 9ನೇ ಆವೃತ್ತಿ ಆ ಪೀಳಿಗೆಗೆ ಬೆಂಬಲವನ್ನು ಕೈಬಿಟ್ಟಿತು. ವಲ್ಕನ್ ಎಂಬ ನವೀನ ಗ್ರಾಫಿಕ್ಸ್ ಮಾನಕವೂ ಅದರಲ್ಲಿ ಚಾಲನೆಯಾಗದು. ಹೀಗಾಗಿ ಹಳೆಯ ತಂತ್ರಾಂಶದೊಂದಿಗೆ ಚೆನ್ನಾಗಿ ದುಡಿಯುವ ಕಾರ್ಡ್, ಅದೇ ತಂತ್ರಾಂಶದ ಹೊಸ ಆವೃತ್ತಿಯಲ್ಲಿ ನಿಷ್ಪ್ರಯೋಜಕವಾಗಬಹುದು.

ಬಳಕೆ ಮತ್ತು ಆಯ್ಕೆ

ಎರಡು ಆಯಾಮದ ನಕ್ಷೆಗಳು, ಕೆಲವೇ ಭಾಗಗಳ ಸಣ್ಣ ಮಾದರಿಗಳು, ಹಳೆಯ ಆವೃತ್ತಿಯ ತಂತ್ರಾಂಶ: ಇವಿಷ್ಟೇ ಇರುವ ಕಡೆ ಹಳೆಯ ಕಾರ್ಡ್ ಸಾಕು. ಸಾವಿರಾರು ಭಾಗಗಳ ಜೋಡಣೆ, ನೈಜ ಚಿತ್ರಗಳ ರಚನೆ, ಯಂತ್ರಕಲಿಕೆ, ನಾಲ್ಕು ಪರದೆಗಳ ಕೆಲಸ: ಇವುಗಳಿಗೆ ಹೊಸದು ಅಗತ್ಯ. ಮಾದರಿ ಕಾರ್ಡಿನ ಮೆಮೊರಿಯನ್ನು ಮೀರಿ ಬೆಳೆದರೆ ದತ್ತಾಂಶ ಗಣಕದ ಮುಖ್ಯ ಮೆಮೊರಿಯಿಂದ ಬರಬೇಕಾಗಿ ವೇಗ ತೀವ್ರವಾಗಿ ಕುಸಿಯುತ್ತದೆ. ಆದ್ದರಿಂದ ಕೋರ್‌ಗಳ ಸಂಖ್ಯೆಗಿಂತ ಮೊದಲು ಮೆಮೊರಿಯನ್ನು ನೋಡಬೇಕು.

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಮಾರುಕಟ್ಟೆಯಲ್ಲಿ ಬಳಸಿದ ಕಾರ್ಡ್ ಕೊಳ್ಳುವವರು ಮೂರು ಸಂಗತಿಗಳನ್ನು ಖಚಿತಪಡಿಸಿಕೊಳ್ಳಬೇಕು: ತಮ್ಮ ತಂತ್ರಾಂಶದ ಪ್ರಮಾಣೀಕೃತ ಪಟ್ಟಿಯಲ್ಲಿ ಆ ಕಾರ್ಡ್ ಇದೆಯೇ, ಅದಕ್ಕೆ ಈಗಲೂ ಡ್ರೈವರ್ ಬರುತ್ತಿದೆಯೇ, ಗಣಕದ ಪವರ್ ಸಪ್ಲೈ ಸಾಲುತ್ತದೆಯೇ. ಮೊದಲ ಎರಡು ಪ್ರಶ್ನೆಗಳಿಗೆ ಹೌದು ಎಂಬ ಉತ್ತರ ಸಿಗದಿದ್ದರೆ, ಬೆಲೆ ಎಷ್ಟೇ ಕಡಿಮೆಯಿದ್ದರೂ ಆ ಕಾರ್ಡನ್ನು ಕೊಳ್ಳಬಾರದು.