ಕಾರಿನ ಬ್ರೇಕೂ ಮೋಚಿಯ ಚರ್ಮವೂ

ಮೋಟಾರಿನ ಚರಿತ್ರೆ ಬರೆಯುವವರಿಗೆ ಎಂಜಿನ್ನಿನ ಮೇಲಿರುವ ಮೋಹ ಬ್ರೇಕಿನ ಮೇಲಿಲ್ಲ. ಓಡಿದ್ದಕ್ಕೆ ಕೀರ್ತಿಯುಂಟು, ನಿಂತದ್ದನ್ನು ಯಾರು ಕೇಳುತ್ತಾರೆ? ಆದರೆ ಗ್ಯಾರೇಜಿನ ಹಂಗಿಲ್ಲದೆ ಸವೆದ ಬ್ರೇಕನ್ನು ತಾವೇ ಸರಿಮಾಡಿಕೊಳ್ಳುವ ಜನಕ್ಕೆ ಮೂಲಪುರುಷ ಯಾರೆಂದು ಕೇಳಿದರೆ, ನಾನು ಒಬ್ಬ ಹೆಂಗಸಿನ ಹೆಸರು ಹೇಳುತ್ತೇನೆ.

ಜರ್ಮನಿಯ ಮಾನ್‌ಹೈಮಿನಲ್ಲಿ ಕಾರ್ಲ್ ಬೆಂಜ್ ಮಹಾಶಯ ತನ್ನ ಮೂರು ಚಕ್ರದ ಮೋಟಾರು ಗಾಡಿಗೆ 1886ರಲ್ಲೇ ಪೇಟೆಂಟಿಗೆ ಅರ್ಜಿ ಹಾಕಿದ್ದರೂ ಕೊಳ್ಳುವವರು ಮುಂದೆ ಬಂದಿರಲಿಲ್ಲ. 1888ರ ಆಗಸ್ಟಿನಲ್ಲಿ ಆತನ ಹೆಂಡತಿ ಬರ್ತಾ, ಗಂಡನಿಗೆ ಹೇಳದೆ, ಇಬ್ಬರು ಹುಡುಗರನ್ನು ಕೂರಿಸಿಕೊಂಡು ತವರೂರಾದ ಫೋರ್ಟ್ಸ್‌ಹೈಮಿಗೆ ಹೊರಟೇಬಿಟ್ಟಳು. ದಾರಿ ಸುಮಾರು 100 ಕಿಲೋಮೀಟರು. ಇಂಧನವನ್ನು ವೀಸ್ಲೋಖ್ ಊರಿನ ಔಷಧದಂಗಡಿಯಲ್ಲಿ ಕೊಂಡದ್ದು, ಕಟ್ಟಿಕೊಂಡ ನಳಿಗೆಯನ್ನು ಟೋಪಿಯ ಪಿನ್ನಿನಿಂದ ಬಿಡಿಸಿದ್ದು ಎಲ್ಲರೂ ಹೇಳುವ ಕತೆ. ನನಗೆ ಹಿಡಿಸುವುದು ಮುಂದಿನದು. ಇಳಿಜಾರುಗಳಲ್ಲಿ ಉಜ್ಜಿ ಉಜ್ಜಿ ಬ್ರೇಕಿನ ಮರದ ತುಂಡುಗಳು ಸವೆದುವು. ಆಕೆ ಬೌಶ್ಲೋಟ್ ಎಂಬ ಹಳ್ಳಿಯಲ್ಲಿ ಒಬ್ಬ ಮೋಚಿಯನ್ನು ಹಿಡಿದು, ಅವುಗಳ ಮೇಲೆ ಚರ್ಮ ಹೊಡೆಸಿಕೊಂಡಳು. ಬ್ರೇಕಿನ ಲೈನಿಂಗ್ ಹೀಗೆ ಜೋಡಿನ ಅಟ್ಟೆಯ ಒಡಹುಟ್ಟು! ಲೈನಿಂಗನ್ನು ಹೊರುವ ಕಬ್ಬಿಣದ ಕಮಾನಿಗೆ ನಮ್ಮ ಮೆಕ್ಯಾನಿಕ್ಕುಗಳು 'ಶೂ' ಎನ್ನುತ್ತಾರೆ. ಆ ಹೆಸರು ಬರ್ತಾಳ ಪ್ರಯಾಣಕ್ಕಿಂತ ಹಳೆಯದು, ಆದರೂ ಒಪ್ಪುತ್ತದೆ.

ಬ್ರೇಕೆಂದರೆ ಓಟವನ್ನು ಶಾಖವಾಗಿ ಮಾರ್ಪಡಿಸುವ ಸಾಧನವಷ್ಟೆ. ವೇಗ ಇಮ್ಮಡಿಸಿದರೆ ಶಾಖ ನಾಲ್ಮಡಿಯಾಗುತ್ತದೆ. ಚರ್ಮ ಕರಿಕಾಗುತ್ತಿತ್ತು. ಇಂಗ್ಲೆಂಡಿನ ಡರ್ಬಿಶೈರಿನಲ್ಲಿ 1897ರಲ್ಲಿ ಲೈನಿಂಗಿನ ಕಸುಬಿಗೆ ಕೈಯಿಟ್ಟ ಹರ್ಬರ್ಟ್ ಫ್ರೂಡ್ ಮೊದಲು ನೂಲಿನಂಥ ವಸ್ತುಗಳನ್ನು ಬಳಸಿ, ಹತ್ತು ಹನ್ನೆರಡು ವರ್ಷಗಳಲ್ಲಿ ಕಲ್ನಾರಿಗೆ ಬಂದ. ಕಲ್ನಾರು ಕಲ್ಲೂ ಹೌದು, ನಾರೂ ಹೌದು, ನೇಯಬಹುದು, ಸುಡದು. ಇದಕ್ಕಿಂತ ಇನ್ನೇನು ಬೇಕು?

ಅಷ್ಟರಲ್ಲಿ, 1902ರಲ್ಲಿ, ಫ್ರಾನ್ಸಿನ ಲೂಯಿ ರೆನೋ ಬ್ರೇಕನ್ನು ಡ್ರಮ್ಮಿನೊಳಗೆ ಮುಚ್ಚಿಟ್ಟಿದ್ದ. ಹೊರಗಿನ ಕೆಸರು ಒಳಗೆ ಬರಲಿಲ್ಲ, ಸರಿಯೆ; ಆದರೆ ಸವೆದ ಲೈನಿಂಗಿನ ಪುಡಿಯೂ ಬಹುಮಟ್ಟಿಗೆ ಅಲ್ಲೇ ಉಳಿಯಿತು. ಎಣ್ಣೆಯ ಒತ್ತಡದ ಬ್ರೇಕು, ಡಿಸ್ಕ್ ಬ್ರೇಕು ಇವೆಲ್ಲ ಆಮೇಲೆ ಬಂದುವು. ಅವುಗಳ ಲೈನಿಂಗಿನಲ್ಲೂ ಬಹುಕಾಲ ಕಲ್ನಾರೇ ಇತ್ತು. ಶೂ ಬದಲಾಯಿಸಲು ಡ್ರಮ್ ಕಳಚಿದವನು ಮೊದಲು ಮಾಡುವ ಕೆಲಸವೇನು? ಬಾಯಿಂದ 'ಉಫ್' ಎಂದು ಊದುವುದು. ಹಾಗೆ ಊದುತ್ತಿದ್ದ ಹುಡುಗನೊಬ್ಬನಿಗೆ ನಾನು ಒಮ್ಮೆ ಬೇಡವೆಂದೆ. "ಬರೀ ಧೂಳು, ಸ್ವಾಮಿ" ಎಂದು ನಕ್ಕ. ಕಲ್ನಾರಿನ ಎಳೆ ಎದೆಗೂಡಿನಲ್ಲಿ ಕೂತರೆ ರೋಗ ತೋರುವುದು 20, 30, ಕೆಲವು ಸಲ 40 ವರ್ಷಗಳ ಮೇಲೆ. ಊದಿದ ದಿನ ಯಾರಿಗೆ ನೆನಪಿದ್ದೀತು?

ಬ್ರಿಟನ್ 1999ರಲ್ಲಿ ಬಿಳಿ ಕಲ್ನಾರನ್ನೂ ನಿಷೇಧಿಸಿತು. ಯುರೋಪಿನ ಒಕ್ಕೂಟದಲ್ಲಿ ಪೂರ್ಣ ನಿಷೇಧ 2005ರಿಂದ. ಹಳೆಯ ಕಾರಿನ ಡ್ರಮ್ಮಿನಲ್ಲಿ ಯಾವ ಪುಡಿಯಿದೆಯೆಂದು ಕಣ್ಣಿಗೆ ಗೊತ್ತಾಗುವುದಿಲ್ಲ. ನೀರು ಚಿಮುಕಿಸಿ, ಒದ್ದೆ ಬಟ್ಟೆಯಿಂದ ಒರಸಿ, ಆ ಬಟ್ಟೆಯನ್ನು ಒಣಗಗೊಡದೆ ಚೀಲದಲ್ಲಿ ಬಿಗಿಯಾಗಿ ಕಟ್ಟಿಬಿಡಬೇಕು.