ಕಿತ್ತಳೆ ಬಣ್ಣದ ಟಾನ್ಸಿಲ್

ಬ್ಲಡ್ ಟೆಸ್ಟ್ ರಿಪೋರ್ಟಿನಲ್ಲಿ ಎಚ್‌ಡಿಎಲ್ ಅಂತ ಒಂದು ಸಾಲು ಇರುತ್ತಲ್ಲ, ಎಲ್ಲರೂ 'ಒಳ್ಳೆ ಕೊಲೆಸ್ಟ್ರಾಲ್' ಅನ್ನೋದು ಅದನ್ನೇ. ಅದು ನಮ್ಮ ಮೈಯಲ್ಲಿ ತಯಾರಾಗೋದು ಹೇಗೆ ಅನ್ನೋದರ ಜಾಡು ಸಿಕ್ಕಿದ್ದು ಏಡಿ ಹಿಡಿಯೋರ ಒಂದು ದ್ವೀಪದಲ್ಲಿ.

ಅಮೆರಿಕದ ವರ್ಜೀನಿಯಾ ರಾಜ್ಯಕ್ಕೆ ಸೇರಿದ, ಚೆಸಪೀಕ್ ಕೊಲ್ಲಿಯ ನಡುವಿನ ಆ ದ್ವೀಪದ ಹೆಸರು ಟ್ಯಾಂಜಿಯರ್. ಕೆಲವೇ ಮನೆತನಗಳು ತಲೆಮಾರುಗಳಿಂದ ತಮ್ಮತಮ್ಮಲ್ಲೇ ಹೆಣ್ಣು ಕೊಟ್ಟು ತಂದು ಬದುಕಿದ ಜಾಗ. 1960ರ ಹೊತ್ತಿಗೆ ಅಲ್ಲಿನ ಐದು ವರ್ಷದ ಹುಡುಗನೊಬ್ಬನ ಟಾನ್ಸಿಲ್ ತೆಗೆದರು. ನೋಡಿದರೆ ಊದಿಕೊಂಡು ಕಿತ್ತಳೆ ಬಣ್ಣಕ್ಕೆ ತಿರುಗಿತ್ತು, ಒಳಗೆಲ್ಲ ಕೊಲೆಸ್ಟ್ರಾಲ್! 'ಮಕ್ಕಳಿಗೆ ಇದೆಲ್ಲ ಮಾಮೂಲು' ಅಂತ ಅದನ್ನು ಬಿಸಾಕಿದ್ದರೆ ಕಥೆ ಅಲ್ಲಿಗೇ ಮುಗೀತಿತ್ತು. ಆದರೆ ಅದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಡೊನಾಲ್ಡ್ ಫ್ರೆಡ್ರಿಕ್‌ಸನ್ ಅವರ ಗಮನಕ್ಕೆ ಬಂತು. ಹುಡುಗನ ಅಕ್ಕನಿಗೂ ಅದೇ ತೊಂದರೆ. ಇಬ್ಬರ ರಕ್ತದಲ್ಲೂ ಎಚ್‌ಡಿಎಲ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. 1961ರಲ್ಲಿ ಕಾಯಿಲೆಗೆ ದ್ವೀಪದ ಹೆಸರನ್ನೇ ಇಟ್ಟರು.

ಕಾರಣ ಗೊತ್ತಾಗೋಕೆ ಮತ್ತೆ 38 ವರ್ಷ ಬೇಕಾಯ್ತು. 1999ರಲ್ಲಿ ಕೆನಡಾ, ಜರ್ಮನಿಯ ತಂಡಗಳು ಬೇರೆ ಬೇರೆಯಾಗಿ ಹುಡುಕಿ ಒಂದೇ ಜೀನ್‌ಗೆ ಬಂದು ನಿಂತವು. ಅದೇ 9ನೇ ಕ್ರೋಮೋಸೋಮಿನಲ್ಲಿರುವ ಎಬಿಸಿಎ1.

ಈ ಜೀನ್ ಮಾಡಿಸೋ ಪ್ರೋಟೀನು ಜೀವಕೋಶದ ಪೊರೆಯಲ್ಲಿ ಕೂತಿರುತ್ತೆ. ಕೆರೆಗೆ ತೂಬು ಇದ್ದ ಹಾಗೆ ಅಂದ್ಕೊಳ್ಳಿ. ಕೋಶದೊಳಗೆ ಹೆಚ್ಚಾದ ಕೊಲೆಸ್ಟ್ರಾಲನ್ನು ಹೊರಗೆ ಬಿಡೋದು ಅದರ ಕೆಲಸ. ಹೊರಗೆ ಅಪೊ ಎ-1 ಅನ್ನೋ ಇನ್ನೊಂದು ಪ್ರೋಟೀನು ಅದನ್ನು ಹೊತ್ಕೊಳ್ಳುತ್ತೆ. ಎಚ್‌ಡಿಎಲ್ ಶುರುವಾಗೋದೇ ಅಲ್ಲಿಂದ. ಅಪ್ಪನಿಂದ ಬಂದದ್ದು, ಅಮ್ಮನಿಂದ ಬಂದದ್ದು ಎರಡೂ ಕೆಟ್ಟಿದ್ದರೆ ತೂಬು ತೆರೆಯೋದೇ ಇಲ್ಲ. ಕೊಲೆಸ್ಟ್ರಾಲ್ ಟಾನ್ಸಿಲ್, ಗುಲ್ಮ, ನರಗಳಲ್ಲಿ ತುಂಬಿಕೊಳ್ಳುತ್ತೆ.

ಇಲ್ಲಿ ಕಲಿಯೋ ಪಾಠ ಒಂದಿದೆ. ಎಚ್‌ಡಿಎಲ್ ಅನ್ನೋ ಅಂಕಿ ಬರೀ ಲೆಕ್ಕ. ಹರಿವೇ ನಿಜವಾದ ಕೆಲಸ. ಟಾರ್ಸೆಟ್ರಪಿಬ್ ಅನ್ನೋ ಮಾತ್ರೆ ಬೇರೆ ದಾರಿಯಲ್ಲಿ ಎಚ್‌ಡಿಎಲ್ ಅಂಕಿಯನ್ನೇನೋ ಜೋರಾಗಿ ಏರಿಸಿತು. ಆದರೆ ಅದನ್ನು ತಗೊಂಡವರಲ್ಲೇ ಸಾವು ಹೆಚ್ಚಾಗಿ, 2006ರ ಡಿಸೆಂಬರಿನಲ್ಲಿ ಸುಮಾರು 15,000 ಜನರ ಆ ಪ್ರಯೋಗವನ್ನೇ ನಿಲ್ಲಿಸಬೇಕಾಯ್ತು. ಆ ಮಾತ್ರೆ ರಕ್ತದೊತ್ತಡವನ್ನೂ ಏರಿಸ್ತಿತ್ತು ಅನ್ನೋದು ನಿಜ. ಆದರೆ ಅಂಥ ಅಡ್ಡಪರಿಣಾಮ ಇಲ್ಲದೆ ಎಚ್‌ಡಿಎಲ್ ಏರಿಸಿದ ಮಾತ್ರೆಗಳೂ ಆಮೇಲೆ ಬಂದವು, ಅವುಗಳಿಂದಲೂ ನಿರೀಕ್ಷಿಸಿದ ಲಾಭ ಸಿಗಲಿಲ್ಲ.

ಟ್ಯಾಂಜಿಯರ್ ದ್ವೀಪವನ್ನು ಈಗ ಸಮುದ್ರ ವರ್ಷವರ್ಷ ಕೊರೀತಿದೆ. ಉಳಿದಿರೋದು ಕೆಲವು ನೂರು ಜನ ಅಷ್ಟೇ. ನಾಳೆ ನಕಾಶೆಯಿಂದ ಆ ಹೆಸರು ಅಳಿಸಿಹೋದರೂ ವೈದ್ಯರ ಪುಸ್ತಕದಲ್ಲಿ ಉಳಿದಿರುತ್ತೆ, ಒಂದು ಮಗುವಿನ ಗಂಟಲನ್ನು ಯಾರೋ ಸರಿಯಾಗಿ ನೋಡಿದರು ಅನ್ನೋ ಕಾರಣಕ್ಕೆ.