ಪ್ರತಿನಾಯಕನ ಸ್ವಗತ

ಪ್ರತಿನಾಯಕನು ಲೋಭಿ, ಉದ್ಧತ, ಪಾಪಕಾರಿ ಎಂಬುದು ನಮ್ಮ ಲಾಕ್ಷಣಿಕರ ಮತ. ಇಂತಹವನನ್ನು ಕಂಡು ಸಜ್ಜನರು ಮುಖ ತಿರುಗಿಸಬೇಕಷ್ಟೆ? ಆದರೆ ಕೂಗಾಡುವ ದುಷ್ಟನಿಗೆ ಬೇಸರಪಡುವ ನಾವೇ, ತಣ್ಣಗೆ ಲೆಕ್ಕಹಾಕುತ್ತ ಪದವಿಗೇರುವ ದುಷ್ಟನನ್ನು ಎವೆಯಿಕ್ಕದೆ ನೋಡುತ್ತೇವೆ. ಇದರ ಕಾರಣವನ್ನು ಇಂಗ್ಲೆಂಡಿನ ಮೂರನೆಯ ರಿಚರ್ಡ್ ದೊರೆಯ ಕಥೆಯಿಂದ ವಿಚಾರಿಸೋಣ.

1483ರ ಏಪ್ರಿಲಿನಲ್ಲಿ ನಾಲ್ಕನೆಯ ಎಡ್ವರ್ಡ್ ದೊರೆಯು ತೀರಿಕೊಂಡಾಗ ಅವನ ಹಿರಿಯ ಮಗನಿಗೆ 12 ವರ್ಷ. ರಕ್ಷಕನಾಗಿ ನಿಂತ ಚಿಕ್ಕಪ್ಪ ರಿಚರ್ಡನು ಜುಲೈ 6ರಂದು ತಾನೇ ಕಿರೀಟವನ್ನು ಧರಿಸಿದನು. ಲಂಡನ್ನಿನ ದುರ್ಗದಲ್ಲಿದ್ದ ರಾಜಕುಮಾರರಿಬ್ಬರೂ ಅನಂತರ ಲೋಕದ ಕಣ್ಣಿಗೆ ಬೀಳಲಿಲ್ಲ. 1485ರ ಆಗಸ್ಟ್ 22ರಂದು ಬಾಸ್‌ವರ್ತ್ ಕಾಳಗದಲ್ಲಿ ರಿಚರ್ಡನು ಮಡಿದನು. ಹೆನ್ರಿ ಟ್ಯೂಡರನು ದೊರೆಯಾದನು. ಈ ಹೆನ್ರಿಯ ಮೊಮ್ಮಗಳಾದ ಎಲಿಜಬೆತ್ ರಾಣಿಯ ಕಾಲದಲ್ಲಿ ಷೇಕ್ಸ್‌ಪಿಯರ್ ಕವಿಯು ರಿಚರ್ಡನ ನಾಟಕವನ್ನು ರಚಿಸಿದನು. ಸೋತವನು ಅದರಲ್ಲಿ ಕ್ರೂರನಾದುದು ಆಶ್ಚರ್ಯವಲ್ಲ.

ಆದರೆ ಕವಿಯು ಆ ಕ್ರೂರನಿಗೆ ಸ್ವಗತವೆಂಬ ಆಯುಧವನ್ನಿತ್ತನು. ಅಣ್ಣ ಕ್ಲಾರೆನ್ಸನನ್ನು ಸೆರೆಗೆ ತಳ್ಳುವ ಹೂಟವನ್ನು ರಿಚರ್ಡನು ಮೊದಲು ನಮಗೆ ಹೇಳಿ, ಮರುಕ್ಷಣದಲ್ಲಿಯೇ ಆ ಅಣ್ಣನನ್ನು ಸಂತೈಸುತ್ತಾನೆ. ರಂಗದ ಮೇಲಿನವರು ಮೋಸಹೋಗುತ್ತಾರೆ. ನಾವು ಮಾತ್ರ ಗುಟ್ಟು ಬಲ್ಲವರು. ಈ ಹೆಮ್ಮೆಯೇ ನಮ್ಮನ್ನು ಅವನಿಗೆ ಕಟ್ಟಿಹಾಕುತ್ತದೆ. 1955ರ ಚಲನಚಿತ್ರದಲ್ಲಿ ಲಾರೆನ್ಸ್ ಒಲಿವಿಯರ್ ಅವರು ಕ್ಯಾಮರಾದ ಕಡೆಗೆ ತಿರುಗಿ ನಮ್ಮೊಡನೆಯೇ ಮಾತನಾಡಿದುದು ಈ ಮರ್ಮವನ್ನರಿತೇ. 1995ರ ಚಿತ್ರದಲ್ಲಿ ಇಯಾನ್ ಮೆಕ್ಕೆಲನ್ ಅವರೂ ಅದೇ ಹಾದಿಯನ್ನು ಹಿಡಿದರು. ಕಿರೀಟ ದೊರೆತ ಬಳಿಕ ರಿಚರ್ಡನು ನಮ್ಮೊಡನೆ ಗುಟ್ಟಾಡುವುದು ಕಡಿಮೆಯಾಗುತ್ತದೆ. ಯುದ್ಧದ ಹಿಂದಿನ ರಾತ್ರಿ, ಪ್ರೇತಗಳ ಕನಸಿನಿಂದೆದ್ದು, ತನ್ನೊಡನೆಯೇ ವಾದಿಸುತ್ತಾನೆ. ಆಗ ನಮ್ಮ ಸ್ನೇಹವೂ ಸಡಿಲುತ್ತದೆ.

2012ರಲ್ಲಿ ಲೆಸ್ಟರ್ ನಗರದಲ್ಲಿ ಕಾರುಗಳನ್ನು ನಿಲ್ಲಿಸುವ ಬಯಲಿನಡಿಯಲ್ಲಿ ಒಂದು ಅಸ್ಥಿಪಂಜರವು ದೊರೆಯಿತು. ಅದು ರಿಚರ್ಡನದೆಂದು ವಿದ್ವಾಂಸರು 2013ರಲ್ಲಿ ಸಾರಿದರು. ಬೆನ್ನೆಲುಬು ಪಕ್ಕಕ್ಕೆ ಬಾಗಿದ್ದುದು ನಿಜ. ನಾಟಕವು ಹೇಳುವ ಬತ್ತಿದ ತೋಳಿನ ಗುರುತು ಕಾಣಲಿಲ್ಲ. ರಾಜಕುಮಾರರನ್ನು ಅವನೇ ಕೊಲ್ಲಿಸಿದನೆ ಎಂಬುದು ಚರಿತ್ರಕಾರರಲ್ಲಿ ಇಂದಿಗೂ ವಾದಗ್ರಸ್ತವಾಗಿದೆ. ಪ್ರೇಕ್ಷಕರಿಗೆ ಮಾತ್ರ ಈ ಸಂಶಯವೇ ಇಲ್ಲ. ಆತನೇ ನಮ್ಮ ಕಿವಿಯಲ್ಲಿ ಒಪ್ಪಿಕೊಂಡಿದ್ದಾನಲ್ಲವೆ! ಆ ಮಾತು ಗೆದ್ದವರ ಕಾಲದ ಕವಿಯದೆಂಬುದನ್ನು ನಾವು ಮರೆಯುತ್ತೇವೆ. ನಮ್ಮನ್ನು ಅವನತ್ತ ಸೆಳೆದ ಸ್ವಗತವೇ ಅವನಿಗೆ ಶಿಕ್ಷೆಯನ್ನೂ ವಿಧಿಸಿತು. ನಾಟಕವನ್ನು ಸವಿಯಲು ಅಡ್ಡಿಯಿಲ್ಲ. ಸತ್ತವನೊಬ್ಬನ ತೀರ್ಪಿಗೆ ಬೇರೆ ಸಾಕ್ಷಿ ಬೇಕು.